ಕತ್ತರಿಗೆ ಸಿಕ್ಕ ಕಿನ್ನರಲೋಕ: ವಿಡಿಯೋ ಗೇಮ್‌ಗಳಲ್ಲಿ ಕೈಬಿಟ್ಟ ಲೆವೆಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಗೆ ರವಿವಾರ ಬಂದು ಕೂಡುವ ಹುಡುಗರು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವ ಪರಿಚಿತರು, ಗದಗ ಮತ್ತು ರಾಣೆಬೆನ್ನೂರಿನಿಂದ ಆಗೀಗ ಪತ್ರ ಬರೆಯುವ ಒಂದಿಬ್ಬರು ಶಿಕ್ಷಕರು ಕೆಲವು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಸರಳವಾದವು ಮೊದಲು, ತೊಡಕಿನವು ಆಮೇಲೆ ಬರುತ್ತವೆ. ಬೇಕಾದ ಉತ್ತರವನ್ನು ಬಿಡಿಯಾಗಿಯೂ ಓದಬಹುದು.

## ಮೊದಲ ಪರಿಚಯ

ಲೆವೆಲ್ ಕಟ್ ಆತು ಅಂದ್ರ ಏನ್ರೀ? ಮಾಡಿದ್ದನ್ನ ಒಗದಬಿಡ್ತಾರೇನು?

ವಿಡಿಯೋ ಗೇಮ್‌ನಲ್ಲಿ ಆಟಗಾರನು ದಾಟಿಹೋಗಬೇಕಾದ ಒಂದೊಂದು ಜಗತ್ತನ್ನು, ಅದು ಕಾಡಿರಲಿ, ಕೋಟೆಯಿರಲಿ, ಗುಹೆಯಿರಲಿ, ಲೆವೆಲ್ ಎನ್ನುತ್ತಾರೆ. ನಮ್ಮ ಕಡೆಯ ಹಳೆಯ ಆಟಗಾರರು ಸ್ಟೇಜ್ ಎನ್ನುವುದೂ ಇದನ್ನೇ. ಆಟ ಮಾರುಕಟ್ಟೆಗೆ ಬರುವ ಮೊದಲೇ ಅಂಥ ಒಂದು ಜಗತ್ತನ್ನು ನಿರ್ಮಾಪಕರು ಕೈಬಿಟ್ಟರೆ ಅದು ಕಟ್ ಆದ ಲೆವೆಲ್. ಕೈಬಿಡುವುದರಲ್ಲಿಯೂ ಬಗೆಗಳಿವೆ. ಕೆಲವು ಕಾಗದದ ಮೇಲಿನ ಚಿತ್ರವಾಗಿಯೇ ನಿಂತುಹೋಗುತ್ತವೆ, ಕೆಲವು ಗೋಡೆ ಎದ್ದು ಮಾಳಿಗೆ ಏರದ ಮನೆಯಂತೆ ಅರ್ಧಕ್ಕೆ ನಿಲ್ಲುತ್ತವೆ, ಇನ್ನು ಕೆಲವು ಪೂರ್ತಿ ಕಟ್ಟಿ ಮುಗಿದು, ಆಡಲು ಯೋಗ್ಯವಾದ ಮೇಲೆ ಬಾಗಿಲಿಗೆ ಬೀಗ ಬಿದ್ದವು. ಒಗೆದುಬಿಡುವುದು ನಾವು ತಿಳಿದುಕೊಂಡಷ್ಟು ಸಾಮಾನ್ಯವಲ್ಲ. ಅನೇಕ ಸಲ ಕಟ್ಟಿದ್ದು ಕಣ್ಣಿಗೆ ಬೀಳದಂತೆ ಆಟದೊಳಗೆಯೇ ಉಳಿದಿರುತ್ತದೆ.

ಕಿನ್ನರ ಕಥೆಯ ಲೆವೆಲ್ ಎಂದರೆ ಯಾವುದು? ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳಿಗೂ ಅದಕ್ಕೂ ಸಂಬಂಧವಿದೆಯೇ?

ಯುದ್ಧ, ಓಟ, ಬೇಟೆ ಹೀಗೆ ಯಾವುದೋ ಒಂದು ಜಾಡಿನಲ್ಲಿ ಸಾಗುವ ಆಟವು ನಡುವೆ ಒಮ್ಮೆ ಜಾಡು ಬಿಟ್ಟು, ಆಟಗಾರನನ್ನು ಮಾತಾಡುವ ಪ್ರಾಣಿಗಳ, ಮಿಠಾಯಿ ಮನೆಗಳ, ಮುಗಿಲಿಗೆ ಏರುವ ಬಳ್ಳಿಗಳ ಲೋಕಕ್ಕೆ ಕರೆದೊಯ್ದರೆ ಅದನ್ನು ಹಾಗೆ ಕರೆಯುತ್ತಾರೆ. ಇತ್ತೀಚಿನ ಒಳ್ಳೆಯ ಉದಾಹರಣೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ದಿ ವಿಚರ್ 3 ಆಟಕ್ಕೆ 2016ರಲ್ಲಿ ಸೇರಿದ ಬ್ಲಡ್ ಆ್ಯಂಡ್ ವೈನ್ ಎಂಬ ವಿಸ್ತರಣೆಯಲ್ಲಿದೆ. ರಾಕ್ಷಸರನ್ನು ಕೊಂದು ಕೂಲಿ ಪಡೆಯುವ ಗಂಭೀರ ನಾಯಕನು ಅಲ್ಲಿ ಮಕ್ಕಳಿಗಾಗಿ ಮಾಂತ್ರಿಕನೊಬ್ಬ ಕಟ್ಟಿದ ಸಾವಿರ ಕಥೆಗಳ ನಾಡಿನೊಳಗೆ ಹೋಗುತ್ತಾನೆ. ಉಪೇಕ್ಷೆಯಿಂದ ಆ ನಾಡು ಕೆಟ್ಟುಹೋಗಿದೆ. ಮೂರು ಹಂದಿಮರಿಗಳು, ಉದ್ದ ಜಡೆಯ ರಾಜಕುಮಾರಿ, ಕೆಂಪು ಟೊಪ್ಪಿಗೆಯ ಹುಡುಗಿ ಎಲ್ಲರೂ ತಮ್ಮ ಕಥೆಯ ಹಳಿ ತಪ್ಪಿದ್ದಾರೆ.

ಅಜ್ಜಿಯ ಕಥೆಗಳೊಂದಿಗೆ ಸಂಬಂಧ ಖಂಡಿತ ಇದೆ. ಏಳು ಸಮುದ್ರದಾಚೆ ಇರುವ ಗಿಳಿಯೊಳಗೆ ರಾಕ್ಷಸನ ಪ್ರಾಣವಿದೆ ಎಂದು ಅಜ್ಜಿ ಹೇಳಿದಾಗ ಅವಳು ಒಂದು ಲೆವೆಲ್‌ನ ನಕ್ಷೆಯನ್ನೇ ಬಿಡಿಸುತ್ತಿದ್ದಳು: ಶತ್ರು ಇಲ್ಲಿ, ಅವನ ದುರ್ಬಲ ಜಾಗ ಅಲ್ಲಿ, ನಡುವೆ ಏಳು ಅಡ್ಡಿಗಳು.

ನಾ ಸಣ್ಣಾಂವ ಇದ್ದಾಗ ಆಡಿದ ಡಾಂಕಿ ಕಾಂಗ್‌ದಾಗ ಮೂರ ಸ್ಟೇಜ್ ಇದ್ದೂ. ನಾಲ್ಕ ಅದಾವು ಅಂತ ನನ್ನ ಮಗ ವಾದಾ ಮಾಡ್ತಾನ. ಯಾವುದು ಖರೆ?

ಇಬ್ಬರ ಮಾತೂ ಖರೆ. 1981ರಲ್ಲಿ ನಿಂಟೆಂಡೊ ಸಂಸ್ಥೆ ಹೊರತಂದ, ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದಲ್ಲಿ 25, 50, 75 ಮತ್ತು 100 ಮೀಟರ್ ಎಂಬ ನಾಲ್ಕು ಸ್ಟೇಜ್‌ಗಳಿದ್ದವು. ಅದೇ ಆಟವನ್ನು 1983ರ ಜುಲೈನಲ್ಲಿ ಮನೆಯ ಯಂತ್ರವಾದ ಫ್ಯಾಮಿಕಾಮ್‌ಗೆ ತಂದಾಗ, 24 ಕಿಲೋಬೈಟ್‌ಗಳ ಕ್ಯಾಸೆಟ್‌ನಲ್ಲಿ ಎಲ್ಲವೂ ಹಿಡಿಸದೆ, ಸಾಗುವ ಪಟ್ಟಿಗಳ ಮೇಲೆ ಸಿಮೆಂಟಿನ ಬುಟ್ಟಿಗಳು ಹರಿದುಬರುವ 50 ಮೀಟರ್ ಸ್ಟೇಜನ್ನು ಬಿಟ್ಟುಬಿಟ್ಟರು. ತೊಂಬತ್ತರ ದಶಕದಲ್ಲಿ ನಮ್ಮ ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತಿದ್ದ, ‘9999 ಆಟಗಳು’ ಎಂದು ಬರೆದ ಕ್ಯಾಸೆಟ್‌ಗಳೆಲ್ಲ ಫ್ಯಾಮಿಕಾಮ್‌ನ ನಕಲು ಯಂತ್ರಗಳಿಗಾಗಿ ಮಾಡಿದವು. ಹೀಗಾಗಿ ನೀವೂ ನಾನೂ ಆಡಿದ್ದು ಮೂರು ಸ್ಟೇಜಿನ ಡಾಂಕಿ ಕಾಂಗ್. ಇಲ್ಲದ್ದನ್ನು ಇಲ್ಲ ಎಂದು ಗುರುತಿಸುವುದಕ್ಕೂ ಅದು ಎಂದಾದರೂ ಇತ್ತು ಎಂಬ ತಿಳಿವಳಿಕೆ ಬೇಕಾಗುತ್ತದೆ. ನನಗೆ ಅದು ತಿಳಿದದ್ದು ಮೂವತ್ತು ದಾಟಿದ ಮೇಲೆ. ಫ್ಯಾಮಿಕಾಮ್ ರೂಪಕ್ಕೆ ಕಾಣೆಯಾದ ಸ್ಟೇಜನ್ನು ನಿಂಟೆಂಡೊ ಮರಳಿ ಸೇರಿಸಿದ್ದು 2010ರಲ್ಲಿ, ಅದೂ ಮೊದಲಿಗೆ ಯೂರೋಪಿನಲ್ಲಿ.

ಕಟ್ ಆದ ಲೆವೆಲ್ ಮತ್ತು ಗುಪ್ತ ಲೆವೆಲ್ ಎರಡೂ ಒಂದೇ ಅಲ್ಲವೇ?

ಅಲ್ಲ. ಗುಪ್ತ ಲೆವೆಲ್ ನೀವು ಹುಡುಕಲೆಂದೇ ಬಚ್ಚಿಟ್ಟದ್ದು. 2012ರ ಡಯಾಬ್ಲೋ 3 ಆಟದಲ್ಲಿ ಕಾಮನಬಿಲ್ಲು, ನಗುವ ಮೋಡ, ಒಂಟಿಕೊಂಬಿನ ಕುದುರೆಗಳಿರುವ ವಿಮ್ಸಿಶೈರ್ ಎಂಬ ಕಿನ್ನರ ಲೆವೆಲ್ ಇದೆ; ಬಣ್ಣ ಹೆಚ್ಚಾಯಿತು ಎಂದು ಗೊಣಗಿದ ಆಟಗಾರರಿಗೆ ನಿರ್ಮಾಪಕರು ಕೊಟ್ಟ ತುಂಟ ಉತ್ತರ ಅದು. ಕೆಲವು ವಸ್ತುಗಳನ್ನು ಕೂಡಿಸಿಕೊಂಡರೆ ಬಾಗಿಲು ತೆರೆಯುತ್ತದೆ. ಕಟ್ ಆದ ಲೆವೆಲ್‌ಗೆ ಅಂಥ ಬಾಗಿಲನ್ನೇ ಇಟ್ಟಿರುವುದಿಲ್ಲ.

## ಕತ್ತರಿ ಬೀಳುವುದು ಎಲ್ಲಿ, ಯಾಕೆ

ಎಲ್ಲಕ್ಕಿಂತ ಚೆಂದ ಇರೋ ಲೆವೆಲ್ಲನ್ನೇ ಯಾಕ ಮೊದಲ ತೆಗೀತಾರ?

ಬಹಳ ಜನ ನಿರೀಕ್ಷಿಸುವ ಉತ್ತರ ಹಣ ಅಥವಾ ಸಮಯ. ಅದು ಸುಳ್ಳಲ್ಲ. ಆದರೆ ಹಣವೂ ಸಮಯವೂ ಸಾಲದಾದಾಗ ಇರುವ ಇಪ್ಪತ್ತು ಲೆವೆಲ್‌ಗಳಲ್ಲಿ ಇದೇ ಯಾಕೆ ಹೋಗಬೇಕು ಎಂಬುದನ್ನು ಅದು ಹೇಳುವುದಿಲ್ಲ. ನಾನು ತಿಳಿದಂತೆ ಕಾರಣ ಲೆವೆಲ್‌ನ ಹೆಣಿಗೆಯಲ್ಲಿಯೇ ಇದೆ.

ಮುಖ್ಯ ಕಥೆಯ ಒಂದು ಕೋಟೆಯನ್ನು ಗಮನಿಸಿ. ಅಲ್ಲಿ ರಾಜನು ಸಾಯುತ್ತಾನೆ, ನಾಯಕನಿಗೆ ಹೊಸ ಶಸ್ತ್ರ ದೊರೆಯುತ್ತದೆ, ಮುಂದಿನ ಊರಿನ ಹಾದಿ ತೆರೆಯುತ್ತದೆ. ಆ ಕೋಟೆಯನ್ನು ಕಿತ್ತರೆ ಮುಂದೆ ಹತ್ತು ಕಡೆ ತೂತು ಬೀಳುತ್ತದೆ, ಆ ಹತ್ತನ್ನೂ ಮುಚ್ಚುವ ಕೂಲಿ ಕೋಟೆಯನ್ನು ಕಟ್ಟಿ ಮುಗಿಸುವುದಕ್ಕಿಂತ ಹೆಚ್ಚಾಗುತ್ತದೆ. ಕಿನ್ನರ ಲೆವೆಲ್‌ಗಾದರೋ ಆಟಗಾರನು ಕನಸಿನ ಮೂಲಕ, ಪುಸ್ತಕದ ಮೂಲಕ, ಇಲ್ಲವೆ ಕನ್ನಡಿಯ ಮೂಲಕ ಹೋಗುತ್ತಾನೆ ಮತ್ತು ಅದೇ ದಾರಿಯಿಂದ ಮರಳುತ್ತಾನೆ. ಮರಳಿದಾಗ ಹೊರಗಿನ ಜಗತ್ತು ಅವನು ಬಿಟ್ಟುಹೋದಂತೆಯೇ ಇರುತ್ತದೆ. ಇಳಕಲ್ ಸೀರೆಯ ಮೇಲಿನ ಕಸೂತಿ ಇದ್ದ ಹಾಗೆ: ತೇರು, ಗೋಪುರ, ನವಿಲುಗಳನ್ನು ಎಷ್ಟೇ ನಾಜೂಕಾಗಿ ಹೊಲಿದಿದ್ದರೂ ಅವುಗಳ ದಾರ ಬಿಚ್ಚಿದರೆ ಸೀರೆಗೆ ಧಕ್ಕೆಯಿಲ್ಲ, ನೆಯ್ಗೆಯ ಎಳೆ ಎಳೆದರೆ ಮಾತ್ರ ಸೀರೆ ಹಾಳಾಗುತ್ತದೆ. ಕತ್ತರಿ ಹಿಡಿದವನು ನೋಡುವುದು ಯಾವುದು ಚೆಂದ ಎಂಬುದನ್ನಲ್ಲ, ಯಾವುದು ಕಡಿಮೆ ಗಾಯದೊಂದಿಗೆ ಬಿಚ್ಚಿ ಬರುತ್ತದೆ ಎಂಬುದನ್ನು.

ಇದರ ಜೊತೆಗೆ ಸಾಮಗ್ರಿಯ ಲೆಕ್ಕವೊಂದಿದೆ. ಒಮ್ಮೆ ಮಾಡಿದ ಕಲ್ಲು, ಗಿಡ, ಬಾಗಿಲು, ಸೈನಿಕನ ಅಂಗಿ ಇವನ್ನು ಹತ್ತು ಲೆವೆಲ್‌ಗಳಲ್ಲಿ ಮತ್ತೆ ಮತ್ತೆ ಬಳಸಿ ನಿರ್ಮಾಪಕರು ಖರ್ಚು ಉಳಿಸುತ್ತಾರೆ. ಸಕ್ಕರೆ ಗೋಡೆಯನ್ನೂ ಮಾತಾಡುವ ಹಂದಿಯನ್ನೂ ಬೇರೆ ಎಲ್ಲಿಯೂ ಬಳಸಲು ಬರುವುದಿಲ್ಲ. ಒಂದು ಗಂಟೆಯ ಆಟಕ್ಕಾಗಿ ಎಲ್ಲವನ್ನೂ ಹೊಸದಾಗಿ ಮಾಡಬೇಕಾಗುತ್ತದೆ, ಆದ್ದರಿಂದ ಅದು ಕೊನೆಯಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ಮುಗಿಯುವುದೇ ಗಡುವಿನ ಬಾಯಿಗೆ ಮೊದಲು ಬೀಳುತ್ತದೆ.

ಕುಂದಗೋಳದ ಕಡೆಯ ಹಳ್ಳಿಯೊಂದರಲ್ಲಿ ಚಿಕ್ಕಂದಿನಲ್ಲಿ ನೋಡಿದ ದೊಡ್ಡಾಟ ಇಲ್ಲಿ ನೆನಪಾಗುತ್ತದೆ. ಮೂಡಣ ಕೆಂಪಾಗುವ ಹೊತ್ತಿಗೆ ಭಾಗವತರು ರಾಕ್ಷಸನ ವಧೆಯನ್ನು ಬಿಡಲಿಲ್ಲ. ಸಾರಥಿಯ ಹಾಸ್ಯದ ಪ್ರಸಂಗವನ್ನು ಬಿಟ್ಟರು. ನಾವು ಮಕ್ಕಳು ರಾತ್ರಿಯಿಡೀ ನಿದ್ದೆಗೆಟ್ಟು ಕಾದಿದ್ದು ಅದಕ್ಕಾಗಿಯೇ.

ಒಮ್ಮೆ ಕಟ್ ಆದದ್ದು ಮುಂದಿನ ಆಟದಾಗ ಬರ್ತೈತಿ ಅಂತಾರ, ಅಲ್ಲೂ ಬರೂದಿಲ್ಲ. ಒಂದ ಲೆವೆಲ್ಲಿಗೆ ಮತ್ತ ಮತ್ತ ಹಿಂಗ್ಯಾಕ ಆಗ್ತೈತಿ?

ಈ ಪ್ರಶ್ನೆಗೆ ಅತ್ಯಂತ ಸೊಗಸಾದ ಉದಾಹರಣೆ ಪೋಕೆಮಾನ್ ಸರಣಿಯಲ್ಲಿದೆ, ಮತ್ತು ಅದು ಕಥೆಯ ರೂಪದಲ್ಲಿಯೂ ಅಪ್ಪಟ ಕಿನ್ನರ ಕಥೆ. 2006ರಲ್ಲಿ ಜಪಾನಿನಲ್ಲಿ ಬಂದ ಡೈಮಂಡ್ ಮತ್ತು ಪರ್ಲ್ ಆಟಗಳ ಒಳಗೆ ಅಜ್ಯೂರ್ ಫ್ಲೂಟ್ ಎಂಬ ಕೊಳಲಿನ ಮಾಹಿತಿ ಇತ್ತು. ಬೆಟ್ಟದ ತುದಿಯ ಸ್ಪಿಯರ್ ಪಿಲ್ಲರ್ ಎಂಬಲ್ಲಿ ನಿಂತು ಆ ಕೊಳಲನ್ನು ಊದಿದರೆ ಮುಗಿಲಿಗೆ ಏರುವ ಬೆಳಕಿನ ಮೆಟ್ಟಿಲು ಮೂಡುತ್ತದೆ, ಮೆಟ್ಟಿಲ ಕೊನೆಯ ಹಾಲ್ ಆಫ್ ಒರಿಜಿನ್ ಎಂಬ ಆದಿಮಂದಿರದಲ್ಲಿ ಆರ್ಸಿಯಸ್ ಎಂಬ ಸೃಷ್ಟಿಕರ್ತ ಪ್ರಾಣಿ ಎದುರಾಗುತ್ತದೆ. ಎಲ್ಲವೂ ಸಿದ್ಧವಿತ್ತು, ಕೊಳಲನ್ನು ಮಾತ್ರ ಆಟಗಾರರಿಗೆ ಹಂಚಲೇ ಇಲ್ಲ. 2008ರ ಪ್ಲಾಟಿನಮ್ ಆವೃತ್ತಿಯಲ್ಲಿಯೂ ಕೊಳಲು ಒಳಗಿತ್ತು, ಅಲ್ಲಿಯೂ ಹಂಚಲಿಲ್ಲ. 2009ರಲ್ಲಿ ಆರ್ಸಿಯಸ್‌ನನ್ನೇ ನೇರವಾಗಿ ಕೈಗೆ ಕೊಟ್ಟರು, ಮೆಟ್ಟಿಲಿನ ಪ್ರಮೇಯವೇ ಉಳಿಯಲಿಲ್ಲ. ಕೊನೆಗೆ 2021ರಲ್ಲಿ ಬಂದ ಮರುನಿರ್ಮಾಣಕ್ಕೆ 2022ರಲ್ಲಿ ಸೇರಿಸಿದ ಪರಿಷ್ಕರಣೆಯಲ್ಲಿ ಕೊಳಲು ಸಿಕ್ಕಿತು. ಮೊದಲ ಆಟವನ್ನು ಹತ್ತನೆಯ ವಯಸ್ಸಿನಲ್ಲಿ ಆಡಿದವನು ಮೆಟ್ಟಿಲು ಏರುವಾಗ ಇಪ್ಪತ್ತೈದು ದಾಟಿದ್ದ.

ಇನ್ನೊಂದು ಉದಾಹರಣೆ ಇನ್ನೂ ಮೊಂಡಾದದ್ದು. 2004ರ ಹಾಫ್-ಲೈಫ್ 2 ಆಟಕ್ಕಾಗಿ ಬೋರಿಯಾಲಿಸ್ ಎಂಬ ಹಿಮ ಒಡೆಯುವ ಹಡಗಿನ ಲೆವೆಲ್ ಯೋಜಿಸಿ ಕೈಬಿಡಲಾಯಿತು. 2007ರ ಎಪಿಸೋಡ್ ಟೂ ಕೊನೆಯಲ್ಲಿ ಕಥೆ ಅದೇ ಹಡಗಿನತ್ತ ಬೆರಳು ತೋರಿಸಿ ನಿಂತಿತು, ಮುಂದಿನ ಕಂತು ಬರಲೇ ಇಲ್ಲ. 2011ರ ಪೋರ್ಟಲ್ 2ರಲ್ಲಿ ಆ ಹಡಗು ನಿಂತಿದ್ದ ಖಾಲಿ ಕಟ್ಟೆಯನ್ನಷ್ಟೇ ನೋಡಬಹುದು. ಅಜ್ಜಿಯ ಕಥೆಯ ಏಳನೆಯ ಕೋಣೆಯ ಹಾಗೆ, ಇದೆ ಎಂದು ಎಲ್ಲರಿಗೂ ಗೊತ್ತು, ಒಳಗೆ ಹೋದವರು ಯಾರೂ ಇಲ್ಲ.

ಎರಡರಲ್ಲಿಯೂ ಕೆಲಸ ಮಾಡಿದ ತರ್ಕ ಒಂದೇ ಎಂದು ನನಗೆ ಅನಿಸುತ್ತದೆ. ಸಡಿಲವಾಗಿ ಹೆಣೆದದ್ದನ್ನು ಮೊದಲ ಸಲ ತೆಗೆಯುವುದು ಸುಲಭ. ತೆಗೆದಿಟ್ಟದ್ದನ್ನು ಮುಂದಿನ ಆಟಕ್ಕೆ ಹೊತ್ತು ತರುವುದೂ ಸುಲಭ, ಏಕೆಂದರೆ ಅದು ಯಾವ ಕಥೆಗೂ ಕಚ್ಚಿಕೊಂಡಿಲ್ಲ. ಹೊಸ ಆಟದಲ್ಲಿಯೂ ಅದು ಹಾಗೆಯೇ ಸಡಿಲವಾಗಿ ಕೂರುತ್ತದೆ, ಎರಡನೆಯ ಸಲ ಗಡುವು ಬಂದಾಗ ಅದೇ ಮೊದಲು ಬಿಚ್ಚಿಬರುತ್ತದೆ. ಇದರ ಮೇಲೆ ಕಾಲದ ಭಾರವೂ ಕೂಡುತ್ತದೆ. ಐದು ವರ್ಷ ಕಾಯಿಸಿದ ಲೆವೆಲ್ ಸಾಧಾರಣವಾಗಿದ್ದರೆ ಯಾರೂ ಕ್ಷಮಿಸುವುದಿಲ್ಲ ಎಂದು ನಿರ್ಮಾಪಕರಿಗೆ ಗೊತ್ತಿರುತ್ತದೆ.

ಕಟ್ ಆದ ಕಾಡೊಂದು ಬೇರೆಯೇ ಆಟದಲ್ಲಿ ಸಿಕ್ಕಿತೆಂದು ಓದಿದ್ದೆ. ಅದು ನಿಜವೇ?

ನಿಜ. ಇಂಗ್ಲೆಂಡಿನ ರೇರ್ ಸಂಸ್ಥೆ 1998ರಲ್ಲಿ ಹೊರತಂದ ಬ್ಯಾಂಜೋ-ಕಝೂಯಿ ಆಟವು ಸ್ವತಃ ಒಂದು ಕಿನ್ನರ ಕಥೆಯ ಅಣಕ. ಮಾಟಗಾತಿಯೊಬ್ಬಳು ತನಗಿಂತ ಚೆಲುವೆ ಯಾರೆಂದು ಕನ್ನಡಿಯ ಬದಲು ಕುದಿಯುವ ಕೊಪ್ಪರಿಗೆಯನ್ನು ಕೇಳುತ್ತಾಳೆ, ಅದು ಆಟದ ನಾಯಕನಾದ ಕರಡಿಯ ತಂಗಿಯ ಹೆಸರು ಹೇಳುತ್ತದೆ, ಅಲ್ಲಿಂದ ಜಗಳ ಶುರು. ಆ ಆಟವೇ ಡ್ರೀಮ್ ಎಂಬ ಹೆಸರಿನಲ್ಲಿ, ಎಡ್ಸನ್ ಎಂಬ ಹುಡುಗನ ಸಾಹಸವಾಗಿ ಹುಟ್ಟಿ, ಹುಡುಗನನ್ನು ಕೈಬಿಟ್ಟು ಕರಡಿಯನ್ನು ಹಿಡಿದದ್ದು. ಅದಕ್ಕಾಗಿ ಯೋಜಿಸಿದ ಅಣಬೆಗಳ ಕಾಡೊಂದನ್ನು ಅದರಲ್ಲಿ ಸೇರಿಸಲಿಲ್ಲ. ಮರುವರ್ಷ, 1999ರಲ್ಲಿ, ಅದೇ ಸಂಸ್ಥೆಯ ಡಾಂಕಿ ಕಾಂಗ್ 64 ಆಟದಲ್ಲಿ ಫಂಗೈ ಫಾರೆಸ್ಟ್ ಎಂಬ ಲೆವೆಲ್ ಆಗಿ ಆ ಕಾಡು ಕಾಣಿಸಿಕೊಂಡಿತು. ನಡುವೆ ಮುಗಿಲೆತ್ತರದ ಅಣಬೆ, ಗುಂಡು ಹೊಡೆದರೆ ಹಗಲು ರಾತ್ರಿಯಾಗುವ ಕೋಗಿಲೆ ಗಡಿಯಾರ, ಬೀಜ ನೆಟ್ಟರೆ ಸರ್ರನೆ ಬೆಳೆಯುವ ಬಳ್ಳಿ, ಹಳೆಯ ಹಿಟ್ಟಿನ ಗಿರಣಿ ಎಲ್ಲ ಅಲ್ಲಿವೆ. ಕರಡಿಗಾಗಿ ಎಣಿಸಿದ ಕಾಡಿನಲ್ಲಿ ಮಂಗಗಳು ಓಡಾಡಿದವು. ಕಾಡಿಗೆ ಏನೂ ಅನ್ನಿಸಲಿಲ್ಲ. ಮುಖ್ಯ ಕಥೆಗೆ ಬಿಗಿಯಾಗಿ ಹೊಲಿದ ಲೆವೆಲ್‌ಗೆ ಇಂಥ ವಲಸೆ ಸಾಧ್ಯವಾಗುವುದಿಲ್ಲ.

ಇದೇ ಡಾಂಕಿ ಕಾಂಗ್ 64ರೊಳಗೆ ಹಳೆಯ ಆರ್ಕೇಡ್ ಯಂತ್ರವೊಂದನ್ನೂ ಇಟ್ಟಿದ್ದಾರೆ, ಅದರಲ್ಲಿ ನಮ್ಮ ಕ್ಯಾಸೆಟ್‌ಗಳಲ್ಲಿ ಇಲ್ಲದಿದ್ದ 50 ಮೀಟರ್ ಸ್ಟೇಜ್ ಕೂಡ ಇದೆ. ಕೈಬಿಟ್ಟ ಎರಡು ಜಾಗಗಳಿಗೆ ಒಂದೇ ಛತ್ರ.

ಯಂತ್ರದ ಮಿತಿಯ ಕಾರಣಕ್ಕೆ ಈಗಲೂ ಲೆವೆಲ್ ಕಟ್ ಆಗುತ್ತವೆಯೇ?

ಮೊದಲಿನಷ್ಟಿಲ್ಲ. 1992ರ ಸೋನಿಕ್ 2 ಆಟಕ್ಕೆ ಇದ್ದ ಜಾಗ ಒಟ್ಟು ಒಂದು ಮೆಗಾಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ಈಗ ಸಾಲದಿರುವುದು ಜಾಗವಲ್ಲ, ಮನುಷ್ಯರ ದಿನಗಳು.

ಆಟದ ಹೊರಗಿನ ಘಟನೆಗಳಿಂದ ಲೆವೆಲ್ ತೆಗೆದದ್ದುಂಟೇ?

ಉಂಟು. 2001ರ ನವೆಂಬರಿನಲ್ಲಿ ಬಂದ ಮೆಟಲ್ ಗಿಯರ್ ಸಾಲಿಡ್ 2 ಆಟದ ಕೊನೆಯಲ್ಲಿ ದೈತ್ಯ ನೌಕೆಯೊಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ನುಗ್ಗುವ ದೃಶ್ಯವಿತ್ತು. ಸೆಪ್ಟೆಂಬರ್ 11ರ ದಾಳಿಯ ನಂತರ ಅದನ್ನು ತೆಗೆದರು, ಆಟದಲ್ಲಿ ಈಗ ಅಪಘಾತದ ಆಮೇಲಿನ ಸ್ಥಿತಿಯಷ್ಟೇ ಕಾಣುತ್ತದೆ. ಕಿನ್ನರ ಲೆವೆಲ್‌ಗಳಿಗೆ ಈ ಅಪಾಯ ಕಡಿಮೆ ಎಂಬುದೊಂದು ಸಮಾಧಾನ.

## ಇನ್ನಷ್ಟು ಒಳಗೆ

ತೆಗೆದುಹಾಕಿದೆವು ಎಂದ ಮೇಲೂ ಲೆವೆಲ್ ಡಿಸ್ಕಿನೊಳಗೆ ಉಳಿಯುವುದು ಹೇಗೆ? ಅಳಿಸಿಬಿಡಬಾರದೇ?

ಆಟದ ತಂತ್ರಾಂಶದಲ್ಲಿ ಲೆವೆಲ್‌ಗಳ ಒಂದು ಪಟ್ಟಿ ಇರುತ್ತದೆ: ಒಂದನೆಯದು ಇಂಥ ವಿಳಾಸದಲ್ಲಿ, ಎರಡನೆಯದು ಇಂಥ ವಿಳಾಸದಲ್ಲಿ ಎಂದು. ಪ್ರತಿ ಲೆವೆಲ್ ಮುಗಿದಾಗ ಮುಂದೆ ಯಾವ ಸಂಖ್ಯೆಗೆ ಹೋಗಬೇಕೆಂಬ ಸೂಚನೆಯೂ ಇರುತ್ತದೆ. ಏಳನೆಯದನ್ನು ಕೈಬಿಡಬೇಕಾದರೆ ಆರನೆಯದರ ಕೊನೆಯಲ್ಲಿರುವ ಸೂಚನೆಯನ್ನು ಎಂಟಕ್ಕೆ ತಿರುಗಿಸಿದರೆ ಸಾಕು. ಏಳನೆಯದು ದಾರಿ ತಪ್ಪಿದ ಊರಾಗಿ ಉಳಿಯುತ್ತದೆ. ಅದನ್ನು ನಿಜವಾಗಿ ಅಳಿಸಲು ಹೋದರೆ ಮುಂದಿನ ಎಲ್ಲ ಸಂಖ್ಯೆಗಳೂ ವಿಳಾಸಗಳೂ ಸರಿಯುತ್ತವೆ, ಅದರ ಯಾವುದೋ ಒಂದು ಗಿಡದ ಚಿತ್ರವನ್ನು ಇನ್ನೊಂದು ಲೆವೆಲ್ ಎರವಲು ಪಡೆದಿದ್ದರೆ ಅಲ್ಲಿ ಆಟ ನಿಂತುಹೋಗುತ್ತದೆ. ಬಿಡುಗಡೆಗೆ ಎರಡು ವಾರ ಇರುವಾಗ ಅಂಥ ಅಪಾಯವನ್ನು ಯಾವ ಪ್ರೋಗ್ರಾಮರನೂ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ನಾಟಿ ಡಾಗ್ ಸಂಸ್ಥೆಯ 1996ರ ಕ್ರ್ಯಾಶ್ ಬ್ಯಾಂಡಿಕೂಟ್ ಇದಕ್ಕೆ ಮಾದರಿ. ಸ್ಟಾರ್ಮಿ ಅಸೆಂಟ್ ಎಂಬ, ಮಳೆಗಾಳಿಯ ರಾತ್ರಿಯಲ್ಲಿ ಕೋಟೆಯ ಗೋಡೆ ಏರುವ ಲೆವೆಲ್ ವಿಪರೀತ ಕಠಿಣವೆಂದು ಅದನ್ನು ಕೈಬಿಟ್ಟರು. ಆದರೆ ಅದು ಡಿಸ್ಕಿನಲ್ಲಿ ಪೂರ್ತಿಯಾಗಿ ಇತ್ತು, ಚೀಟ್ ಉಪಕರಣ ಜೋಡಿಸಿದವರು ಅದನ್ನು ಆಡಿದರು. 2017ರ ಮರುನಿರ್ಮಾಣದಲ್ಲಿ, ಅಂದರೆ 21 ವರ್ಷಗಳ ನಂತರ, ಅದು ಅಧಿಕೃತವಾಗಿ ಬಂತು. ಕಠಿಣತೆ ಮಾತ್ರ ಕಡಿಮೆಯಾಗಿರಲಿಲ್ಲ.

ಹಾಗೆ ಉಳಿಸುವುದರಲ್ಲಿ ಅಪಾಯವೂ ಇದೆ. 2005ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆ್ಯಂಡ್ರಿಯಾಸ್ ಆಟದೊಳಗೆ ಬೀಗ ಹಾಕಿ ಬಿಟ್ಟಿದ್ದ ಅಶ್ಲೀಲ ಭಾಗವೊಂದನ್ನು ಹವ್ಯಾಸಿಗಳು ತೆರೆದಾಗ, ಅಮೆರಿಕದ ಶ್ರೇಣೀಕರಣ ಮಂಡಳಿ ಆ ಆಟವನ್ನು ವಯಸ್ಕರಿಗೆ ಮಾತ್ರ ಎಂಬ ವರ್ಗಕ್ಕೆ ಏರಿಸಿತು. ನಾವು ಅದನ್ನು ತೋರಿಸಲಿಲ್ಲ ಎಂಬ ನಿರ್ಮಾಪಕರ ವಾದ ನಡೆಯಲಿಲ್ಲ.

ಇವನ್ನ ಹುಡುಕೋರು ಹೆಂಗ ಹುಡುಕ್ತಾರ? ಅಷ್ಟ ತಾಳ್ಮಿ ಎಲ್ಲಿಂದ ಬರ್ತೈತಿ?

ತಾಳ್ಮೆಯ ಮೂಲ ನನಗೂ ಸೋಜಿಗ. ವಿಧಾನ ಹೇಳಬಲ್ಲೆ. ಮೊದಲ ಸುಳಿವು ಸಾಮಾನ್ಯವಾಗಿ ಹಳೆಯ ಪತ್ರಿಕೆಯ ಚಿತ್ರ. ಸೋನಿಕ್ 2 ಬರುವ ಮೊದಲು ಪತ್ರಿಕೆಗಳಲ್ಲಿ ಹಿಡನ್ ಪ್ಯಾಲೇಸ್ ಎಂಬ, ಹರಳುಗಳು ಹೊಳೆಯುವ ನೆಲದಡಿಯ ಅರಮನೆಯ ಚಿತ್ರಗಳು ಅಚ್ಚಾಗಿದ್ದವು. ಕೊಂಡು ತಂದ ಆಟದಲ್ಲಿ ಅರಮನೆ ಇರಲಿಲ್ಲ. ಆದರೆ ಆಟದ ರಾಗಗಳನ್ನು ಬಿಡಿಯಾಗಿ ಕೇಳಬಹುದಾದ ಸಂಗೀತ ಪರೀಕ್ಷೆಯ ಪಟ್ಟಿಯಲ್ಲಿ 10 ಎಂಬ ಸಂಖ್ಯೆಗೆ ಆಟದಲ್ಲಿ ಎಲ್ಲಿಯೂ ಕೇಳಿಬರದ ರಾಗವೊಂದು ಉಳಿದಿತ್ತು. ತೊಂಬತ್ತರ ದಶಕದ ಕೊನೆಗೆ ಆ ಆಟದ ಅಪೂರ್ಣ ಪ್ರತಿಯೊಂದು ಬೆಳಕಿಗೆ ಬಂದು, ಅರಮನೆಯಲ್ಲಿ ಸ್ವಲ್ಪ ದೂರ ನಡೆಯುವುದು ಸಾಧ್ಯವಾಯಿತು. ಸರಣಿಯ 1994ರ ಕಂತಿನಲ್ಲಿ ಅದೇ ಹೆಸರಿನ ಬೇರೆಯೇ ಅರಮನೆ ಬಂದಿತ್ತು. ಮೂಲ ಅರಮನೆಯನ್ನು 2013ರ ಮೊಬೈಲ್ ಆವೃತ್ತಿಯಲ್ಲಿ ಪೂರ್ಣಗೊಳಿಸಿದರು, 10ನೆಯ ರಾಗವನ್ನು ಅಲ್ಲಿಯೇ ನುಡಿಸಿದರು. ಹಳೆಯ ಅಪೂರ್ಣ ಪ್ರತಿಗಳನ್ನು ಸಂರಕ್ಷಿಸುವ ತಂಡವೊಂದು ತನಗೆ ಹಿಡನ್ ಪ್ಯಾಲೇಸ್ ಎಂದೇ ಹೆಸರಿಟ್ಟುಕೊಂಡಿದೆ; 2021ರಲ್ಲಿ ಅದು ಪ್ಲೇಸ್ಟೇಷನ್ 2ರ 700ಕ್ಕೂ ಹೆಚ್ಚು ಅಪೂರ್ಣ ಪ್ರತಿಗಳನ್ನು ಒಂದೇ ಸಲಕ್ಕೆ ಹೊರಗಿಟ್ಟಿತು.

ನನಗೆ ಇನ್ನೂ ಇಷ್ಟವಾದ ಪ್ರಸಂಗ ಅದೇ ವರ್ಷದ್ದು. ಎಫ್-ಜೀರೋ ಎಕ್ಸ್ ಎಂಬ ಕಾರು ಓಟದ ಆಟವನ್ನು ಬರೆದಿದ್ದ ಪರೀಕ್ಷಾ ಕಾರ್ಟ್ರಿಜ್ ಒಂದನ್ನು ಪರಿಶೀಲಿಸಿದಾಗ, ಆಟವು ಅದರ ಅರ್ಧ ಜಾಗವನ್ನು ಮಾತ್ರ ತುಂಬಿದ್ದು ಕಂಡಿತು. ಉಳಿದರ್ಧದಲ್ಲಿ, ಅದೇ ಕಾರ್ಟ್ರಿಜ್‌ನಲ್ಲಿ ಹಿಂದೆ ಬರೆದಿದ್ದ ಜೆಲ್ಡಾ ಸರಣಿಯ ಒಕರಿನಾ ಆಫ್ ಟೈಮ್ ಆಟದ ಹಳೆಯ ಕರಡಿನ ಚೂರುಗಳು ಹಾಗೆಯೇ ಇದ್ದವು. ಶಾಲೆಯಲ್ಲಿ ಪಾಟಿಯನ್ನು ಅಂಗೈಯಿಂದ ಒರೆಸಿ ಹೊಸ ಲೆಕ್ಕ ಬರೆದಾಗ ಕೆಳಗಿನ ಮೂಲೆಯಲ್ಲಿ ನಿನ್ನೆಯ ಕಾಗುಣಿತ ಉಳಿಯುತ್ತಿತ್ತಲ್ಲ, ಹಾಗೆ.

ಇವನ್ನು ಡೌನ್‌ಲೋಡ್ ಮಾಡಿ ಆಡುವುದು ಕಾನೂನಿಗೆ ವಿರುದ್ಧವೇ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಕಟ್ ಆಯಿತು ಎಂದ ಮಾತ್ರಕ್ಕೆ ಲೆವೆಲ್ ಒಡೆಯನಿಲ್ಲದ ಹೊಲವಾಗುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಕೊಡುವ ಸಲಹೆ ಇಷ್ಟೆ: ಸೋರಿಕೆಯಾದ ಪ್ರತಿಗಳನ್ನು ಹಂಚಬೇಡಿ, ಅವುಗಳ ಬಗ್ಗೆ ಬಲ್ಲವರು ಬರೆದದ್ದನ್ನು ಓದುವುದರಲ್ಲಿಯೇ ಕಲಿಯಬೇಕಾದ ಬಹುಪಾಲು ಸಿಗುತ್ತದೆ.

ವರ್ಷಾನುಗಟ್ಟಲೆ ಕಾದ ಲೆವೆಲ್ ಕೊನೆಗೆ ಸಿಕ್ಕಾಗ ನಿರಾಸೆಯಾಗುವುದಿಲ್ಲವೇ?

ಹಲವು ಸಲ ಆಗುತ್ತದೆ. ಒಮ್ಮೊಮ್ಮೆ ನಿರ್ಮಾಪಕರೇ ಅದನ್ನು ಊಹಿಸಿ ಮರಳಿ ಕೊಡಲು ಒಪ್ಪುವುದಿಲ್ಲ. ಜೆಲ್ಡಾ ಸರಣಿಯ ವಿಂಡ್ ವೇಕರ್ ಆಟದಿಂದ ಎರಡು ಗುಹಾಮಂದಿರಗಳನ್ನು ಸಮಯದ ಅಭಾವದಿಂದ ಕೈಬಿಟ್ಟಿದ್ದರು. 2013ರ ಮರುಬಿಡುಗಡೆಯಲ್ಲಿ ಅವು ಬರಬಹುದೆಂದು ಎಲ್ಲರೂ ಕಾದಾಗ ನಿರ್ದೇಶಕ ಐಜಿ ಆವೊನುಮಾ ಕೊಟ್ಟ ವಿವರಣೆ ನೇರವಾಗಿತ್ತು: ಆ ಮಂದಿರಗಳ ಕಲ್ಪನೆಯನ್ನು ಆಗಲೇ ಬೇರೆ ಆಟಗಳಲ್ಲಿ ಬಳಸಿಯಾಗಿದೆ. ಬೀಜದ ಜೋಳವನ್ನು ಬಿತ್ತಿ ಬೆಳೆ ತೆಗೆದ ಮೇಲೆ ಅದೇ ಬೀಜವನ್ನು ಕೇಳಿದರೆ ರೈತನಾದರೂ ಎಲ್ಲಿಂದ ತಂದಾನು?

ಅಭಿಮಾನಿಗಳೇ ಕಟ್ಟಿ ಮುಗಿಸುವುದೂ ಉಂಟು. ಸ್ಟಾರ್ ವಾರ್ಸ್ ಜಗತ್ತಿನ 2004ರ ಆಟವೊಂದರಿಂದ, ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ ಸರಣಿಯ ಎರಡನೆಯದರಿಂದ, ಯಂತ್ರಮಾನವರ ಇಡೀ ಗ್ರಹವೇ ಕಟ್ ಆಗಿತ್ತು. ಹವ್ಯಾಸಿಗಳು ಉಳಿದ ತುಣುಕುಗಳಿಂದ ಅದನ್ನು ಪುನಃ ಕಟ್ಟಿದರು. ಆಡಿ ನೋಡಿದ ಮೇಲೆ ನನಗೆ ಅನಿಸಿದ್ದು, ಮೂಲ ನಿರ್ಮಾಪಕರ ಕತ್ತರಿ ತಪ್ಪಾಗಿರಲಿಲ್ಲ ಎಂದು. ನಡೆದಷ್ಟೂ ಮುಗಿಯದ ಹಜಾರಗಳು. ಅದೇ ಆಟದ ಬೇರೆ ಕೈಬಿಟ್ಟ ಭಾಗಗಳನ್ನು ಸ್ವಿಚ್ ಯಂತ್ರಕ್ಕೆ ಅಧಿಕೃತವಾಗಿ ಕೊಡುವುದಾಗಿ 2022ರಲ್ಲಿ ಘೋಷಿಸಿ, 2023ರಲ್ಲಿ ರದ್ದುಪಡಿಸಿದರು. ಮರಳಿ ಸೇರಿಸುವ ಯೋಜನೆಯೂ ಕಟ್ ಆದದ್ದು ಹೀಗೆ.

ದಿ ವಿಚರ್‌ದಾಗ ಕಥೆಗಳ ನಾಡು ಐತಿ ಅಂದ್ರಿ. ಆದ್ರ ನನ್ನ ಆಟದಾಗ ಅದು ಬರಲೇ ಇಲ್ಲ!

ನಿಮ್ಮ ಆಟ ಕೆಟ್ಟಿಲ್ಲ. ಆ ವಿಸ್ತರಣೆಯಲ್ಲಿ ಕಥೆ ಒಂದು ಕಡೆ ಕವಲೊಡೆಯುತ್ತದೆ: ಒಂದು ದಾರಿ ಪುರಾತನ ರಕ್ತಪಿಶಾಚಿಯೊಬ್ಬನ ಗುಹೆಗೆ, ಇನ್ನೊಂದು ಕಥೆಗಳ ನಾಡಿಗೆ. ಮೊದಲನೆಯದನ್ನು ಆರಿಸಿದವರಿಗೆ ಎರಡನೆಯದು ತೆರೆಯುವುದೇ ಇಲ್ಲ. ನಿರ್ಮಾಪಕರು ಇಡೀ ಒಂದು ಕಿನ್ನರ ಲೆವೆಲ್ ಕಟ್ಟಿ, ಕತ್ತರಿಯನ್ನು ನಿಮ್ಮ ಕೈಗೆ ಕೊಟ್ಟರು. ಇಷ್ಟು ಖರ್ಚು ಮಾಡಿದ್ದನ್ನು ಅನೇಕರು ನೋಡದೆ ಹೋಗಲಿ ಎಂದು ಬಿಡುವ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಕವಲಿಗಿಂತ ಮೊದಲು ಉಳಿಸಿಟ್ಟ ಹಳೆಯ ಆಟ (ಸೇವ್) ಇದ್ದರೆ ಕವಲಿಗೆ ಹಿಂದಿರುಗಿ ನೋಡಿ.

ನಾವು ನಾಲ್ಕು ಜನ ಸೇರಿ ಹುಬ್ಬಳ್ಳಿಯಲ್ಲಿ ಒಂದು ಆಟ ಮಾಡುತ್ತಿದ್ದೇವೆ. ನಮ್ಮ ಜನಪದ ಕಥೆಯ ಒಂದು ಲೆವೆಲ್ ಇಡಬೇಕೆಂದಿದೆ. ಅದು ಕಟ್ ಆಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲನೆಯದಾಗಿ, ಬಣ್ಣ ಬಳಿಯುವ ಮೊದಲು ಲೆವೆಲನ್ನು ಬರಿಯ ಬೂದು ಪೆಟ್ಟಿಗೆಗಳಿಂದ ಕಟ್ಟಿ ಆಡಿ ನೋಡಿ. ಪೆಟ್ಟಿಗೆಗಳಲ್ಲಿ ಸಪ್ಪೆಯಾಗಿರುವ ಓಟವನ್ನು ಹೂವಾಗುವ ಹುಡುಗಿಯೂ ಮಾತಾಡುವ ಗಿಳಿಯೂ ಬದುಕಿಸಲಾರರು. ಬೂದು ಹಂತದಲ್ಲಿ ತೆಗೆದರೆ ಹೋಗುವುದು ಒಂದು ವಾರದ ಕೆಲಸ. ಚಿತ್ರಗಳೆಲ್ಲ ಮುಗಿದ ಮೇಲೆ ತೆಗೆದರೆ ಮೂರು ತಿಂಗಳು ಹೋಗುತ್ತವೆ, ಜೊತೆಗೆ ಗೆಳೆತನವೂ.

ಎರಡನೆಯದಾಗಿ, ಆ ಲೆವೆಲನ್ನು ಕಸೂತಿಯಾಗಿ ಬಿಡದೆ ನೆಯ್ಗೆಗೆ ಸೇರಿಸಿ. ರಾಕ್ಷಸನ ಪ್ರಾಣ ಗಿಳಿಯಲ್ಲಿದೆ ಎಂಬುದು ನಿಮ್ಮ ಲೆವೆಲ್ ಆದರೆ, ಮುಖ್ಯ ಕಥೆಯ ರಾಕ್ಷಸನನ್ನು ಗಿಳಿಯಿಲ್ಲದೆ ಸೋಲಿಸಲು ಬಾರದಂತೆ ಮಾಡಿ. ಆಗ ಗಡುವಿನ ದಿನ ಕತ್ತರಿ ಬೇರೆಡೆ ಹೊರಳುತ್ತದೆ. ಸಾಮಗ್ರಿಯನ್ನೂ ಹಂಚಿಕೊಳ್ಳಿ: ಊರಿನ ಲೆವೆಲ್‌ಗೆ ಮಾಡಿದ ಹಂಚಿನ ಮನೆಯನ್ನೇ ತಲೆಕೆಳಗಾಗಿಸಿ, ದೊಡ್ಡದಾಗಿಸಿ ಕಥೆಯ ಲೋಕದಲ್ಲಿ ನಿಲ್ಲಿಸಿದರೆ ಖರ್ಚೂ ಕಡಿಮೆ, ಮಾಯೆಯೂ ಹೆಚ್ಚು.

ಮೂರನೆಯದು ನಮ್ಮಂಥವರಿಗೆ ಮಾತ್ರ ಎದುರಾಗುವ ತೊಡಕು. ಒತ್ತಕ್ಷರಗಳನ್ನೂ ಗುಣಿತಗಳನ್ನೂ ಸರಿಯಾಗಿ ಕೂರಿಸುವ ವ್ಯವಸ್ಥೆ ಎಲ್ಲ ಗೇಮ್ ಎಂಜಿನ್‌ಗಳಲ್ಲಿ, ಅಂದರೆ ಆಟ ಕಟ್ಟಲು ಬಳಸುವ ತಂತ್ರಾಂಶಗಳಲ್ಲಿ, ಇರುವುದಿಲ್ಲ. ಯೂನಿಟಿ ಎಂಬ ಎಂಜಿನ್‌ನಲ್ಲಿ ಅಕ್ಷರ ಮೂಡಿಸಲು ಬಹಳ ಜನ ಬಳಸುವ ಟೆಕ್ಸ್ಟ್ ಮೆಶ್ ಪ್ರೊದಲ್ಲಿ ‘ಅಜ್ಜಿ’ ಎಂದು ಬರೆದರೆ ಅಕ್ಷರಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತವೆ. 2023ರ ಮಾರ್ಚ್‌ನಲ್ಲಿ ಬಂದ ಗೊಡೋ 4 ಎಂಜಿನ್‌ನಲ್ಲಿ ಸಂಕೀರ್ಣ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಎಂಜಿನ್ ಆರಿಸುವ ಮೊದಲ ದಿನವೇ ‘ಸ್ತ್ರೀ’, ‘ಅಜ್ಜಿ’, ‘ರಾಕ್ಷಸ’ ಈ ಮೂರು ಪದಗಳನ್ನು ಪರದೆಯ ಮೇಲೆ ಮೂಡಿಸಿ ನೋಡಿ. ಕನ್ನಡ ಮಾತುಗಳಿರುವ ಲೆವೆಲ್ ಬಿಡುಗಡೆಗೆ ಹದಿನೈದು ದಿನವಿದ್ದಾಗ ಅಕ್ಷರಗಳ ಕಾರಣಕ್ಕೇ ಕಟ್ ಆದದ್ದನ್ನು ನಾನು ನಮ್ಮೂರಿನಲ್ಲಿಯೇ ಕಂಡಿದ್ದೇನೆ.

ಕಥೆಗಳಿಗಾಗಿ ದೂರ ಹೋಗಬೇಕಿಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಅದಕ್ಕಿಂತ ಮೊದಲು ಮನೆಯಲ್ಲಿ ಅಜ್ಜಿ ಇದ್ದರೆ ಅವರ ಕಥೆಯನ್ನು ಅವರ ಧ್ವನಿಯಲ್ಲಿಯೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಇಷ್ಟಾದರೂ ಕಟ್ ಮಾಡಲೇಬೇಕಾಗಿ ಬಂದರೆ, ಕಡತಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿ ತಾರೀಖು ಹಾಕಿ ಇಡಿ, ಯಾಕೆ ತೆಗೆದಿರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ, ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇರಲಿ. ಮುಂದಿನ ಆಟದಲ್ಲಿ ಅದನ್ನು ತೆರೆಯುವಾಗ ಮೊದಲು ಓದಬೇಕಾದದ್ದು ಆ ನಾಲ್ಕು ಸಾಲುಗಳನ್ನು.